ನಮ್ಮ ಆಕಾಶಕ್ಕೆ ಬೆಳಕು ಜಾಸ್ತಿಯಾಯ್ತು

ಕಳೆದ ಡಿಸೆಂಬರ್ 13ರ ರಾತ್ರಿ ಉಲ್ಕೆ ನೋಡೋಣ ಅಂತ ಚಿಕ್ಕಬಳ್ಳಾಪುರದ ಆಚೆ ಒಂದು ಹಳ್ಳಿಗೆ ಹೋಗಿದ್ದೆ. ಪ್ರತಿ ವರ್ಷ ಆ ಹೊತ್ತಿಗೆ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಉದುರುತ್ತವೆ. ಕತ್ತಲು ಚೆನ್ನಾಗಿದ್ದರೆ ಗಂಟೆಗೆ ನೂರರ ತನಕ ಎಣಿಸಬಹುದು. ಚಂದ್ರ ಮೂಡುವುದು ನಡುರಾತ್ರಿ ದಾಟಿದ ಮೇಲೆ. ಮೋಡವೂ ಇರಲಿಲ್ಲ. ಬದುವಿನ ಮೇಲೆ ಜಮಖಾನ ಹಾಸಿ, ಫ್ಲಾಸ್ಕಿನ ಕಾಫಿ ಪಕ್ಕಕ್ಕಿಟ್ಟು ಮಲಗಿದೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಮುಗಿದು, ಹತ್ತು ಹೊಡೆಯುವ ಹೊತ್ತಿಗೆ ಪಕ್ಕದ ಹೊಲ ಧಗ್ ಅಂತ ಹೊತ್ತಿಕೊಂಡಿತು.

ಬೆಂಕಿಯಲ್ಲ, ಬಲ್ಬು. ಮದುವೆ ಮನೆಯ ಚಪ್ಪರದ ಹಾಗೆ ಸಾಲು ಸಾಲಾಗಿ ವೈರು ಎಳೆದು, ಸೇವಂತಿಗೆ ಗಿಡಗಳ ನೆತ್ತಿಯ ಮೇಲೆ ನೂರಾರು ಬಿಳಿ ಬಲ್ಬು ತೂಗುಬಿಟ್ಟಿದ್ದರು. ಒಂದೇ ಕ್ಷಣದಲ್ಲಿ ಆಕಾಶದ ಅರ್ಧ ಚುಕ್ಕಿ ಮಾಯ.

ಹೊಲದವರು ಟಾರ್ಚ್ ಹಿಡಿದುಕೊಂಡು ಬಂದರು. ‘ಏನ್ ಸಾರ್, ಇಲ್ಲಿ ಮಲಗಿದ್ದೀರಾ? ಹಾವು ಗೀವು ಇರುತ್ತೆ.’ ಉಲ್ಕೆ ನೋಡೋಕೆ ಬಂದೆ ಅಂದೆ. ‘ಇಷ್ಟೊಂದು ದೀಪ ಯಾಕಣ್ಣ?’ ಅಂತ ಕೇಳಿದೆ. ‘ಲೈಟ್ ಹಾಕಲಿಲ್ಲ ಅಂದ್ರೆ ಗಿಡ ಗೇಣುದ್ದಕ್ಕೇ ಮೊಗ್ಗು ಕಟ್ಟಿಬಿಡುತ್ತೆ ಸಾರ್. ಆಮೇಲೆ ಹೂವೂ ಇಲ್ಲ, ದುಡ್ಡೂ ಇಲ್ಲ’ ಅಂದರು.

ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಸೇವಂತಿಗೆ ಗಿಡ ಹಗಲನ್ನು ಲೆಕ್ಕ ಹಾಕುವುದಿಲ್ಲ, ಇರುಳನ್ನು ಅಳೆಯುತ್ತದೆ. ಒಂದೇ ಸಮನೆ ಉದ್ದನೆಯ ಕತ್ತಲು ಸಿಕ್ಕರೆ ಚಳಿಗಾಲ ಬಂತು ಅಂತ ತಿಳಿದು ಮೊಗ್ಗು ಬಿಡುತ್ತದೆ. ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಬಿದ್ದರೆ ಎಣಿಕೆ ತಪ್ಪಿ ಮತ್ತೆ ಮೊದಲಿಂದ ಶುರು. ಹೂ ಬಿಡುವುದನ್ನು ಮರೆತು ಎತ್ತರಕ್ಕೆ ಬೆಳೆಯುತ್ತದೆ. ಬೇಕಾದಷ್ಟು ಎತ್ತರ ಆದಮೇಲೆ ರೈತ ದೀಪ ಆರಿಸುತ್ತಾನೆ, ಗಿಡ ಹೂ ಬಿಡುತ್ತದೆ.

ಆ ರಾತ್ರಿ ನನಗೆ ಕಂಡದ್ದು ಹನ್ನೊಂದು ಉಲ್ಕೆ. ರೈತರ ಮೇಲೆ ನನಗೇನೂ ಸಿಟ್ಟಿಲ್ಲ, ಅದು ಅವರ ಹೊಟ್ಟೆಪಾಡು. ಆದರೆ ಒಂದು ಯೋಚನೆ ತಲೆಗೆ ಹೊಕ್ಕಿತು. ಕತ್ತಲು ಎಷ್ಟು ಹೊತ್ತು ಇತ್ತು ಅನ್ನುವುದು ಒಂದು ಗಿಡಕ್ಕೆ ಅಷ್ಟು ಕರಾರುವಾಕ್ಕಾಗಿ ಗೊತ್ತು. ನಮಗೆ ಮಾತ್ರ ಅದು ಕಡಿಮೆಯಾಗಿದ್ದೇ ತಿಳಿಯಲಿಲ್ಲ.

ತಿಳಿಯದಿರಲು ಕಾರಣ ಇದೆ. ಇದು ನಿಧಾನವಾಗಿ ಆಗುವ ಕೆಲಸ. ಜಗತ್ತಿನ ಮೂರರಲ್ಲಿ ಒಂದು ಪಾಲು ಜನಕ್ಕೆ ಅವರಿರುವ ಜಾಗದಿಂದ ಹಾಲುಹಾದಿ ಕಾಣುವುದೇ ಇಲ್ಲ ಅಂತ 2016ರಲ್ಲಿ ಬಂದ ಒಂದು ಜಾಗತಿಕ ನಕಾಶೆ ತೋರಿಸಿತು. 2023ರಲ್ಲಿ ಇನ್ನೊಂದು ಅಧ್ಯಯನ ಬಂತು. ಹನ್ನೆರಡು ವರ್ಷ ಸಾಮಾನ್ಯ ಜನರೇ ತಮ್ಮ ಮನೆ ಮೇಲೆ ಎಷ್ಟು ಮಂಕು ಚುಕ್ಕಿಯ ತನಕ ಕಾಣುತ್ತದೆ ಅಂತ ವರದಿ ಮಾಡಿದ್ದರು. ಆ ಲೆಕ್ಕದ ಪ್ರಕಾರ ಆಕಾಶದ ಬೆಳಕು ವರ್ಷಕ್ಕೆ ಸರಾಸರಿ 9.6 ಶೇಕಡಾ ಏರುತ್ತಿತ್ತು. ಅಂದರೆ ಎಂಟು ವರ್ಷಕ್ಕೆ ದುಪ್ಪಟ್ಟು. ವರದಿಗಳಲ್ಲಿ ಹೆಚ್ಚಿನವು ಯುರೋಪು, ಅಮೆರಿಕದವು, ನಿಜ. ಆದರೆ ಬೆಂಗಳೂರಿನ ಸುತ್ತ ಇಪ್ಪತ್ತು ವರ್ಷದಿಂದ ಇರುವವರಿಗೆ ಈ ಅಂಕಿ ಉತ್ಪ್ರೇಕ್ಷೆ ಅನ್ನಿಸಲಾರದು. ಉಪಗ್ರಹಗಳು ಮೇಲಿಂದ ಅಳೆದಾಗ ಇಷ್ಟು ಏರಿಕೆ ಕಂಡಿರಲಿಲ್ಲ. ಅವುಗಳ ಕಣ್ಣಿಗೆ ನೀಲಿ ಬೆಳಕು ಸರಿಯಾಗಿ ಕಾಣುವುದಿಲ್ಲ, ಹೊಸ ಬಿಳಿ ಎಲ್‌ಇಡಿಯಲ್ಲಿ ನೀಲಿಯ ಪಾಲೇ ಜಾಸ್ತಿ.

ಬೆಂಗಳೂರಿನ ಬೆಳಕು ಚಿಕ್ಕಬಳ್ಳಾಪುರ, ತುಮಕೂರು, ಕೋಲಾರ ಈ ನಮ್ಮ ಮೂರು ಜಿಲ್ಲೆಗಳಿಗೆ ಒಂದೇ ಥರ ತೊಂದರೆ ಕೊಡುವುದಿಲ್ಲ. ಹಾಲುಹಾದಿಯ ಅತಿ ದಟ್ಟ ಭಾಗ ಇರುವುದು ವೃಶ್ಚಿಕ, ಧನು ರಾಶಿಗಳ ಕಡೆ. ಮೂಲಾ ನಕ್ಷತ್ರದ ಆಸುಪಾಸಿನಲ್ಲೇ ನಮ್ಮ ಗ್ಯಾಲಕ್ಸಿಯ ನಡುಮಧ್ಯ ಇದೆ. ಹೆಸರು ಸುಮ್ನೆ ಹೊಂದಿಕೊಂಡಿದ್ದು, ಹಿಂದಿನವರಿಗೆ ಅದು ಗೊತ್ತಿತ್ತು ಅಂತ ಅಲ್ಲ. ನಮ್ಮ ಅಕ್ಷಾಂಶದಿಂದ ಅದು ದಕ್ಷಿಣದಲ್ಲಿ ಅರ್ಧ ಆಕಾಶದಷ್ಟು ಎತ್ತರಕ್ಕೆ ಬರುತ್ತದೆ. ಚಿಕ್ಕಬಳ್ಳಾಪುರಕ್ಕೆ ದಕ್ಷಿಣ ಅಂದರೆ ದೇವನಹಳ್ಳಿ, ಅದರ ಹಿಂದೆ ಬೆಂಗಳೂರು. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ದಿಕ್ಕಿಗೆ ಕಿತ್ತಳೆ ಬಣ್ಣದ ಗೋಡೆಯೇ ಎದ್ದಿದೆ. ಹಾಲುಹಾದಿ ತನ್ನ ಅತ್ಯಂತ ಎತ್ತರದ ಜಾಗದಲ್ಲಿ ನಿಲ್ಲುವುದು ಸರಿಯಾಗಿ ಆ ಗೋಡೆಯ ಮೇಲೆ. ತುಮಕೂರಿಗೆ ಬೆಂಗಳೂರು ಆಗ್ನೇಯಕ್ಕಿದೆ. ಹಾಗಾಗಿ ಅಲ್ಲಿ ಹಾಲುಹಾದಿ ಹುಟ್ಟುವುದೇ ಮಬ್ಬಿನಲ್ಲಿ, ಮುಳುಗುವ ಹೊತ್ತಿಗೆ ಚೊಕ್ಕವಾಗುತ್ತದೆ. ಕೋಲಾರಕ್ಕೆ ಬೆಂಗಳೂರು ಪಡುವಣ. ಅಲ್ಲಿ ಹುಟ್ಟುವಾಗ ಚೆನ್ನ, ಮುಳುಗುವಾಗ ಹಾಳು. ನೋಡಲು ಹೊರಡುವವರು ಇಷ್ಟು ಲೆಕ್ಕ ಹಾಕಿಕೊಂಡರೆ ಅರ್ಧ ಪೆಟ್ರೋಲ್ ಉಳಿಯುತ್ತದೆ. ನಂದಿ ಬೆಟ್ಟಕ್ಕಿಂತ ಪಾವಗಡದ ಬಯಲು ವಾಸಿ.

ಪಾವಗಡ ಅಂದಕೂಡಲೇ ಜನಕ್ಕೆ ನೆನಪಾಗುವುದು ಎರಡು. ಒಂದು 2,050 ಮೆಗಾವಾಟಿನ ಸೋಲಾರ್ ಪಾರ್ಕ್. ಇನ್ನೊಂದು ಶನಿಮಹಾತ್ಮನ ಗುಡಿ. ಏಳೂವರೆ ಶನಿ ಅಂತ ಹೆದರಿಕೊಂಡು ಎಳ್ಳೆಣ್ಣೆ ಹಿಡಿದು ಬರುವವರಲ್ಲಿ ಎಷ್ಟು ಜನ ಶನಿಯನ್ನು ಆಕಾಶದಲ್ಲಿ ನೋಡಿದ್ದಾರೋ ಕಾಣೆ. ಆ ಏಳೂವರೆ ಎಲ್ಲಿಂದ ಬಂತು ನೋಡಿ. ಶನಿ ಆಕಾಶವನ್ನು ಒಂದು ಸುತ್ತು ಹಾಕಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಹನ್ನೆರಡು ರಾಶಿಗೆ ಹಂಚಿದರೆ ಒಂದೊಂದಕ್ಕೆ ಎರಡೂವರೆ ವರ್ಷ. ನಿಮ್ಮ ರಾಶಿ, ಹಿಂದಿನದು, ಮುಂದಿನದು ಸೇರಿ ಏಳೂವರೆ. ಹೆದರಿಕೆ ಆಮೇಲೆ ಸೇರಿಕೊಂಡಿದ್ದು. ಅದರ ಕೆಳಗಿರುವ ಲೆಕ್ಕ, ದೂರದರ್ಶಕ ಇಲ್ಲದ ಕಾಲದಲ್ಲಿ ಯಾರೋ ವರ್ಷಗಟ್ಟಲೆ ರಾತ್ರಿ ಎದ್ದು ಕೂತು ಬರೆದಿಟ್ಟ ಲೆಕ್ಕ. 2025ರ ಮಾರ್ಚ್ 29ಕ್ಕೆ ಶನಿ ಮೀನಕ್ಕೆ ಬಂದ ಅಂತ ಊರೂರಲ್ಲಿ ಹೋಮ ನಡೆಯಿತು. ಅದಕ್ಕೆ ಆರು ದಿನ ಮೊದಲು ಭೂಮಿ ಶನಿಯ ಉಂಗುರಗಳ ಸಮತಲವನ್ನು ದಾಟಿತ್ತು. ತಟ್ಟೆಯನ್ನು ಅಂಚಿನಿಂದ ನೋಡಿದ ಹಾಗೆ, ಉಂಗುರ ಬರೀ ಒಂದು ಗೆರೆ. ಹದಿನೈದು ವರ್ಷಕ್ಕೊಮ್ಮೆ ಆಗುವ ಈ ಸಂಗತಿಗೆ ಯಾವ ಚಾನೆಲ್ಲಿನಲ್ಲೂ ಪ್ಯಾನಲ್ ಕೂತಿದ್ದು ನಾನು ನೋಡಲಿಲ್ಲ.

ನಮ್ಮ ಕಡೆ ಆಕಾಶ ಓದುವುದು ಪಂಡಿತರ ಕೆಲಸ ಮಾತ್ರ ಆಗಿರಲಿಲ್ಲ. ರಾಗಿ ಬಿತ್ತುವವನೂ ನಕ್ಷತ್ರದ ಹೆಸರಲ್ಲೇ ಮಾತಾಡುತ್ತಾನೆ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಅನ್ನುವ ಮಾತು ಕೇಳದವರು ಯಾರು? ಆದರೆ ಇದರಲ್ಲಿ ಒಂದು ಸೋಜಿಗ ಇದೆ. ಆರಿದ್ರಾ ಮಳೆ ಅಂದರೆ ಆ ದಿನಗಳಲ್ಲಿ ರಾತ್ರಿ ಆರಿದ್ರಾ ನಕ್ಷತ್ರ ಕಾಣುತ್ತದೆ ಅಂತ ಅಲ್ಲ. ಕಾಣುವುದೇ ಇಲ್ಲ! ಸೂರ್ಯ ಆಗ ಆರಿದ್ರೆಯ ಹತ್ತಿರ ಇರುತ್ತಾನೆ, ನಕ್ಷತ್ರ ಅವನ ಬೆಳಕಿನಲ್ಲಿ ಮುಳುಗಿರುತ್ತದೆ. ಅಂದರೆ ನಮ್ಮ ಮಳೆ ಪಂಚಾಂಗ ಕಾಣುವ ಚುಕ್ಕಿಯ ಪಂಚಾಂಗ ಅಲ್ಲ, ಕಾಣದ ಚುಕ್ಕಿಯದು. ಕಾಣದ್ದನ್ನು ಗುರುತಿಸಬೇಕಾದರೆ ಕಾಣುವುದೆಲ್ಲ ಬಾಯಿಪಾಠ ಆಗಿರಬೇಕು. ಸೂರ್ಯ ಮುಳುಗಿದ ಮೇಲೆ ಮೊದಲು ಯಾವುದು ಹೊಳೆಯಿತು, ಬೆಳಗಿನ ಜಾವ ಕೊನೆಗೆ ಯಾವುದು ಆರಿತು ಅಂತ ನೋಡಿ, ನಡುವೆ ಸೂರ್ಯ ಎಲ್ಲಿದ್ದಾನೆ ಅಂತ ಹೇಳಬೇಕು. ಡಿಸೆಂಬರಿನ ಆ ರಾತ್ರಿ, ಮಳೆ ಇಲ್ಲದ ಕಾಲದಲ್ಲಿ, ಕೆಂಪಗಿನ ಆರಿದ್ರಾ ನನ್ನ ಎದುರಿಗೇ ಉರಿಯುತ್ತಿತ್ತು. ಸೇವಂತಿಗೆ ಬಲ್ಬಿಗೂ ಅದು ಸೋಲಲಿಲ್ಲ.

ಹಾಗಂತ ಮಳೆ ನಕ್ಷತ್ರ ನಂಬಿ ಬಿತ್ತನೆ ಮಾಡಿ ಅಂತ ನಾನು ಹೇಳುವುದಿಲ್ಲ. ಭೂಮಿಯ ಅಕ್ಷ ಬುಗುರಿಯಂತೆ ತೂಗುತ್ತದೆ, ಒಂದು ತೂಗಿಗೆ ಸುಮಾರು 26 ಸಾವಿರ ವರ್ಷ. ಇದರಿಂದ ನಕ್ಷತ್ರದ ಲೆಕ್ಕ ಋತುವಿನ ಲೆಕ್ಕದಿಂದ ಸುಮಾರು 72 ವರ್ಷಕ್ಕೆ ಒಂದು ದಿನ ಜಾರುತ್ತದೆ. ಉತ್ತರಾಯಣ ನಿಜವಾಗಿ ಶುರುವಾಗುವುದು ಡಿಸೆಂಬರ್ 21-22ಕ್ಕೆ, ನಾವು ಎಳ್ಳು ಬೀರುವುದು ಜನವರಿ 14-15ಕ್ಕೆ. ಕಾರಣ ಇದೇ. ಆರ್ಯಭಟನ ಕಾಲದಿಂದ ಈಚೆಗೆ ಮೂರು ವಾರ ಜಾರಿದೆ. ಈಗ ಜೂನ್ 22ರ ಸುಮಾರಿಗೆ ಹುಟ್ಟುವ ಆರಿದ್ರಾ ಮಳೆ ಆಗ ಜೂನ್ ತಿಂಗಳ ಶುರುವಿಗೇ ಹುಟ್ಟುತ್ತಿತ್ತು. ಗಾದೆ ಹಾಗೇ ಉಳಿಯಿತು, ಮಳೆ ಮುಂಗಾರಿನ ಮಾತು ಕೇಳಿಕೊಂಡು ತನ್ನ ಪಾಡಿಗೆ ತಾನು ಬರುತ್ತಿದೆ.

ಕಲ್ಲಿನಲ್ಲೂ ಆಕಾಶ ಇದೆ. ಬಿ. ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನು 1904ರಲ್ಲಿ, ಕೋಲಾರದವನ್ನು 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಾಗಿ ಅಚ್ಚು ಹಾಕಿಸಿದರು. ಚಿಕ್ಕಬಳ್ಳಾಪುರ ಆಗ ಕೋಲಾರದೊಳಗೇ ಇತ್ತು, 2007ರ ತನಕವೂ. ಕನ್ನಡ ನಾಡಿನ ದಾನಶಾಸನಗಳಲ್ಲಿ ಸೂರ್ಯಗ್ರಹಣ, ಸೋಮಗ್ರಹಣ, ಸಂಕ್ರಮಣದ ದಿನ ಭೂಮಿ ಬಿಟ್ಟೆ, ಕೆರೆಗೆ ಗದ್ದೆ ಬಿಟ್ಟೆ ಅನ್ನುವ ಸಾಲು ಮತ್ತೆ ಮತ್ತೆ ಬರುತ್ತದೆ. ಗ್ರಹಣದಲ್ಲಿ ಕೊಟ್ಟರೆ ಪುಣ್ಯ ಜಾಸ್ತಿ ಅನ್ನುವುದು ಕೊಟ್ಟವರ ನಂಬಿಕೆ. ಚರಿತ್ರೆ ಓದುವವರಿಗೆ ಅದು ಬೇರೆ ಥರದ ಲಾಭ ತಂದಿತು. ರಾಜನ ವರ್ಷದ ಲೆಕ್ಕ ತಪ್ಪಬಹುದು, ಕೆತ್ತಿದವನ ಕೈ ತಪ್ಪಬಹುದು. ಚಂದ್ರ ತಪ್ಪುವುದಿಲ್ಲ. ಇವತ್ತು ಕಂಪ್ಯೂಟರಿನಲ್ಲಿ ಹಿಂದಕ್ಕೆ ಲೆಕ್ಕ ಹಾಕಿ, ಆ ದಿನ ಈ ಊರಲ್ಲಿ ಗ್ರಹಣ ಕಂಡಿರಬಹುದೋ ಇಲ್ಲವೋ ನೋಡಿ, ಶಾಸನದ ದಿನಾಂಕ ಗಟ್ಟಿ ಮಾಡುತ್ತಾರೆ. ಬ್ಯಾಬಿಲೋನಿನವರು ಜೇಡಿಮಣ್ಣಿನ ಹಲಗೆಯಲ್ಲಿ ಬರೆದಿಟ್ಟ ಗ್ರಹಣಗಳಿಂದ ಭೂಮಿಯ ತಿರುಗಾಟ ಎಷ್ಟು ನಿಧಾನವಾಗಿದೆ ಅಂತ ಈಗಿನವರು ಕಂಡುಕೊಂಡಿದ್ದಾರೆ. ಬರೆದವರಿಗೆ ಅದರ ಕನಸೂ ಇರಲಿಲ್ಲ.

ಮುಂದಿನ ಕತೆ ಶಾಲೆ ಪುಸ್ತಕದಲ್ಲೇ ಇದೆ. ದೋಣಿಯಲ್ಲಿ ಹೋಗುವವನಿಗೆ ದಡದ ಮರ ಹಿಂದಕ್ಕೆ ಓಡಿದಂತೆ ಕಾಣುವ ಹಾಗೆ, ತಿರುಗುವ ಭೂಮಿಯಿಂದ ಚುಕ್ಕಿಗಳು ಪಡುವಣಕ್ಕೆ ಓಡಿದಂತೆ ಕಾಣುತ್ತವೆ ಅಂತ ಆರ್ಯಭಟ 499ರಲ್ಲೇ ಬರೆದ. 1543ರಲ್ಲಿ ಕೋಪರ್ನಿಕಸ್ ಸೂರ್ಯನನ್ನು ನಡುವೆ ಇಟ್ಟ. 1610ರಲ್ಲಿ ಗೆಲಿಲಿಯೋ ಗುರುವಿನ ನಾಲ್ಕು ಚಂದ್ರರನ್ನು ಕಂಡ, ಹಾಲುಹಾದಿ ಹಾಲಲ್ಲ, ಲೆಕ್ಕವಿಲ್ಲದ ಚುಕ್ಕಿ ಅಂತಲೂ ಕಂಡ. ಅಲ್ಲಿಯ ತನಕ ಆಕಾಶ ಅಂದರೆ ಕಣ್ಣಿಗೆ ಕಂಡದ್ದು. ಕಣ್ಣಿಗೆ ಯಾವತ್ತೂ ಕಾಣದ್ದನ್ನು ಹುಡುಕುವ ಕೆಲಸ ಜೋರಾಗಿದ್ದು ಕಳೆದ ನೂರು ಚಿಲ್ಲರೆ ವರ್ಷದಲ್ಲಿ. ಅದರ ಎರಡು ದೊಡ್ಡ ಅಧ್ಯಾಯ ನಡೆದದ್ದು ನಮ್ಮ ಕಡೆಯೇ.

ಮೊದಲನೆಯದು ಕೆಜಿಎಫ್‌ನಲ್ಲಿ, ನೆಲದ ಕೆಳಗೆ. ಆಕಾಶದಿಂದ ಕಾಸ್ಮಿಕ್ ಕಿರಣ ಬಂದು ನಮ್ಮ ಗಾಳಿಗೆ ಬಡಿಯುತ್ತಲೇ ಇರುತ್ತದೆ. ಆ ಬಡಿತದಲ್ಲಿ ಮ್ಯೂಯಾನ್, ನ್ಯೂಟ್ರಿನೋ ಅನ್ನುವ ಕಣಗಳು ಹುಟ್ಟುತ್ತವೆ. ಮ್ಯೂಯಾನ್‌ಗಳು ಬಂಡೆಯಲ್ಲಿ ಸ್ವಲ್ಪ ದೂರ ಹೋಗಿ ಸುಸ್ತಾಗುತ್ತವೆ. ನ್ಯೂಟ್ರಿನೋಗೆ ಇಡೀ ಭೂಮಿಯೇ ಅಡ್ಡ ಬಂದರೂ ಲೆಕ್ಕವಿಲ್ಲ. ಅದನ್ನು ಹಿಡಿಯಬೇಕಾದರೆ ಉಳಿದ ಗದ್ದಲವನ್ನೆಲ್ಲ ಬಂಡೆಯಿಂದ ಸೋಸಬೇಕು. ಅದಕ್ಕೆ ಚಿನ್ನದ ಗಣಿಗಿಂತ ಒಳ್ಳೆಯ ಜಾಗ ಎಲ್ಲಿದೆ? ಹೋಮಿ ಭಾಭಾ ಅವರ ಸಲಹೆಯಂತೆ ಬಿ. ವಿ. ಶ್ರೀಕಂಠನ್ 1951ರಲ್ಲೇ ಗಣಿಗೆ ಇಳಿದು ಮ್ಯೂಯಾನ್ ಎಣಿಸಿದ್ದರು. 1965ರಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್), ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಂ ವಿಜ್ಞಾನಿಗಳು ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದ ನ್ಯೂಟ್ರಿನೋ ಗುರುತು ಹಿಡಿದರು. ಹೆಚ್ಚು ಕಮ್ಮಿ ಅದೇ ಸಮಯಕ್ಕೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಅದು ಸಿಕ್ಕಿತು.

ಅವರು ಉಪಯೋಗಿಸಿದ ಉಪಾಯ ನನಗೆ ತುಂಬಾ ಇಷ್ಟ. ಉಪಕರಣವನ್ನು ನೆಲದ ಮೇಲೆ ಚಾಪೆಯ ಹಾಗೆ ಹಾಸಲಿಲ್ಲ, ಗೋಡೆಯ ಹಾಗೆ ನಿಲ್ಲಿಸಿದರು. ಯಾಕೆಂದರೆ ನೆತ್ತಿಯಿಂದ ಬರುವ ಕಣ ಎರಡು ಚಿಲ್ಲರೆ ಕಿಲೋಮೀಟರ್ ಬಂಡೆ ದಾಟಿ ಬಂದಿರಬಹುದು. ಪಕ್ಕದಿಂದ ಅಡ್ಡವಾಗಿ ಬರುವುದಕ್ಕೆ ಹತ್ತಾರು, ನೂರಾರು ಕಿಲೋಮೀಟರ್ ಬಂಡೆ ಅಡ್ಡ ಇದೆ. ಯಾವ ಮ್ಯೂಯಾನೂ ಅಷ್ಟು ದಾಟಲಾರದು. ಹಾಗಾದರೆ ಅಡ್ಡಡ್ಡ ಬಂದ ಮ್ಯೂಯಾನ್, ಅಲ್ಲೇ ಹತ್ತಿರದ ಬಂಡೆಯಲ್ಲಿ ನ್ಯೂಟ್ರಿನೋ ಬಡಿದು ಹುಟ್ಟಿದ್ದೇ ಆಗಿರಬೇಕು. ಆಕಾಶ ನೋಡಲು ಮೇಲಕ್ಕಲ್ಲ, ಪಕ್ಕಕ್ಕೆ ಕಣ್ಣಿಟ್ಟರು.

ಅದೇ ಕೆಜಿಎಫ್‌ಗೆ ಶಿವನಸಮುದ್ರದಿಂದ 1902ರಲ್ಲಿ ಕರೆಂಟು ಬಂದಿತ್ತು, ಬೆಂಗಳೂರಿಗಿಂತ ಮೂರು ವರ್ಷ ಮೊದಲು. ನಮ್ಮ ಸೀಮೆಯಲ್ಲಿ ಎಲ್ಲರಿಗಿಂತ ಮೊದಲು ರಾತ್ರಿಗೆ ಬಲ್ಬು ಹಚ್ಚಿದ ಊರೂ ಅದೇ, ಎಲ್ಲಕ್ಕಿಂತ ಕಗ್ಗತ್ತಲಲ್ಲಿ ಆಕಾಶ ಹುಡುಕಿದ ಊರೂ ಅದೇ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಈಗ ಅಲ್ಲಿ ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬಗಳಿವೆ. ನ್ಯೂಟ್ರಿನೋ ಕತೆ ಗೊತ್ತಿರುವ ಕಾಲೇಜು ಹುಡುಗರು ಬಂಗಾರಪೇಟೆಯಲ್ಲೂ ಬಹಳ ಕಡಿಮೆ, ನಾನು ಕೇಳಿ ನೋಡಿದ್ದೇನೆ.

ಎರಡನೆಯದು ಗೌರಿಬಿದನೂರು. ಭಾರತೀಯ ಖಗೋಳ ಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಲ್ಲಿ ಅಲ್ಲಿ ರೇಡಿಯೋ ವೀಕ್ಷಣಾಲಯ ಶುರುಮಾಡಿದವು. ದೂರದರ್ಶಕ ಅಂದರೆ ದೊಡ್ಡ ಗುಂಬಜ್, ಒಳಗೆ ಕನ್ನಡಿ ಅಂದುಕೊಂಡು ಹೋದವರಿಗೆ ನಿರಾಸೆ ಖಂಡಿತ. ಕಾಣುವುದು ಬಯಲು, ಕಂಬ, ತಂತಿ. ದೂರದರ್ಶನದ ಕಾಲದಲ್ಲಿ ಮನೆ ಮೇಲೆ ನಿಲ್ಲಿಸುತ್ತಿದ್ದ ಆಂಟೆನಾದ ನೆಂಟರಂತೆ ಸಾಲು ನಿಂತಿವೆ. ಹಳೆಯ ದೊಡ್ಡ ಆಂಟೆನಾ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ್ದು, ಸಾವಿರ ಡೈಪೋಲ್‌ಗಳದ್ದು, ಅಂದರೆ ಸರಳ ತಂತಿ ಆಂಟೆನಾಗಳದ್ದು. ಪೂರ್ವ–ಪಶ್ಚಿಮಕ್ಕೆ ಚಾಚಿದ ತೋಳು 1.38 ಕಿಲೋಮೀಟರ್. ಅದು ಕೇಳುತ್ತಿದ್ದದ್ದು 34.5 ಮೆಗಾಹರ್ಟ್ಸ್ ಅಲೆ, ಒಂದೊಂದು ಅಲೆಯೂ ಸುಮಾರು 8.7 ಮೀಟರ್ ಉದ್ದ. ಅಷ್ಟು ಉದ್ದದ ಅಲೆಗೆ ಅಷ್ಟು ದೊಡ್ಡ ಬಯಲೇ ಬೇಕು. ಇಷ್ಟಾಗಿಯೂ ಅದಕ್ಕೆ ಬಿಡಿಸಿ ನೋಡಲು ಆಗುತ್ತಿದ್ದದ್ದು ಹುಣ್ಣಿಮೆ ಚಂದ್ರನಷ್ಟು ಅಗಲದ ತುಣುಕನ್ನು. ನಿಮ್ಮ ಕಣ್ಣು ಅದಕ್ಕಿಂತ ಹತ್ತಾರು ಪಟ್ಟು ಚುರುಕು. ಆದರೂ ಆ ತಂತಿಗಳಿಂದ ಹೊರಬಂದ ಆಕಾಶದ ನಕ್ಷೆ ಜಗತ್ತಿನಾದ್ಯಂತ ಬಳಕೆಗೆ ಬಂತು. 1997ರಿಂದ ಅಲ್ಲಿ ಸೂರ್ಯನ ಹೊರಪದರವನ್ನು ರೇಡಿಯೋದಲ್ಲಿ ನೋಡುವ ಇನ್ನೊಂದು ಆಂಟೆನಾ ಗುಂಪೂ ಕೆಲಸ ಮಾಡುತ್ತಿದೆ. ಸೂರ್ಯ ಸಿಡಿದಾಗ ಅದರ ಸದ್ದು ಈ ಬಯಲಿಗೆ ಎಂಟು ನಿಮಿಷಕ್ಕೆ ಮುಟ್ಟುತ್ತದೆ.

ಗೌರಿಬಿದನೂರೇ ಯಾಕೆ? ಸುತ್ತ ಗುಡ್ಡ, ನಡುವೆ ಕಣಿವೆ, ಬೆಂಗಳೂರಿನ ಗದ್ದಲ ಬರದಷ್ಟು ದೂರ. ಬೆಳಕಿನ ದೂರದರ್ಶಕಕ್ಕೆ ಕತ್ತಲು ಬೇಕಾದ ಹಾಗೆ ಇದಕ್ಕೆ ಮೌನ ಬೇಕು. ಆ ಮೌನವೂ ಈಗ ದುಬಾರಿ. 88ರಿಂದ 108 ಮೆಗಾಹರ್ಟ್ಸ್ ಎಫ್‌ಎಂ ಪಾಲಾಗಿದೆ. ಬೋರ್‌ವೆಲ್ ಸ್ಟಾರ್ಟರಿನ ಕಿಡಿ, ಅಗ್ಗದ ಎಲ್‌ಇಡಿಯ ಒಳಗಿನ ಸರ್ಕ್ಯೂಟು, ಎಲ್ಲದಕ್ಕೂ ಒಂದೊಂದು ಕಿರಿಕಿರಿ ಸದ್ದು ಇದೆ. ಅವು ನೆಲದ ಮೇಲಿನವು, ಗುಡ್ಡ ತಡೆಯುತ್ತದೆ. ತಲೆ ಮೇಲಿಂದ ಬರುವುದನ್ನು ಯಾವ ಗುಡ್ಡ ತಡೆದೀತು? 2019ರಿಂದ ಉಪಗ್ರಹದ ಮೂಲಕ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಒಂದೇ ಸಾವಿರಾರು ಉಪಗ್ರಹ ಹಾರಿಸಿದೆ. ಅವು ತಮಗೆ ಕೊಟ್ಟ ತರಂಗಗಳಲ್ಲದೆ 110ರಿಂದ 188 ಮೆಗಾಹರ್ಟ್ಸ್ ನಡುವೆಯೂ ಸದ್ದು ಸೋರಿಸುತ್ತಿವೆ ಅಂತ 2023ರಲ್ಲಿ ಯುರೋಪಿನ ಖಗೋಳಜ್ಞರು ಅಳೆದು ತೋರಿಸಿದರು. ಉಪಗ್ರಹದ ಇಂಟರ್ನೆಟ್ ನಮ್ಮ ಗುಡ್ಡಗಾಡಿಗೂ ಬೇಕು, ಸರಿ. ಆದರೆ ಸೋರಿಕೆ ಬೇಕಿಲ್ಲ ಅಲ್ವಾ? ನಲ್ಲಿ ಬೇಕು ಅಂದರೆ ತೊಟ್ಟಿಕ್ಕುವ ನಲ್ಲಿ ಅಂತ ಅಲ್ಲ.

ಬೀದಿ ದೀಪದ ಕತೆಯೂ ಇದೇ. ದೀಪ ಬೇಡ ಅನ್ನುವ ಮಾತೇ ಇಲ್ಲ. ತುಮಕೂರು ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಸಂಜೆಯಾದರೆ ಚಿರತೆ ಭಯ. ಬಸ್ ಇಳಿದು ಒಬ್ಬಳೇ ನಡೆದು ಬರುವ ಹುಡುಗಿಗೆ ದಾರಿ ಕಾಣಬೇಕು. ಪ್ರಶ್ನೆ ಇರುವುದು ದೀಪ ಎತ್ತ ನೋಡುತ್ತಿದೆ ಅನ್ನುವುದು. ನಮ್ಮ ಬೀದಿಯ ಕಂಬದ ದೀಪವನ್ನು ಒಂದು ಸಂಜೆ ನಿಂತು ನೋಡಿದೆ. ಓರೆಯಾಗಿ ಕೂರಿಸಿದ್ದಾರೆ. ಅರ್ಧ ಬೆಳಕು ಎದುರು ಮನೆಯ ಮಹಡಿಗೆ, ಒಂದಿಷ್ಟು ತೆಂಗಿನ ಗರಿಗೆ, ಉಳಿದದ್ದು ರಸ್ತೆಗೆ. ಕಂಬದ ಬುಡದಲ್ಲಿ ಚರಂಡಿ ಕಲ್ಲು ಕಿತ್ತುಹೋಗಿರುವುದು ಮಾತ್ರ ಕಾಣುವುದಿಲ್ಲ. ದೀಪವನ್ನು ನೆಲಕ್ಕೆ ಮುಖ ಮಾಡಿ ಕೂರಿಸಿ, ಮೇಲೆ ಒಂದು ಟೋಪಿ ಇಟ್ಟರೆ ಅದೇ ರಸ್ತೆಗೆ ಕಡಿಮೆ ವಾಟ್ ಸಾಕು. ಚೋಟುದ್ದದ ತಗಡಿನ ಕೆಲಸ.

ಬಣ್ಣವೂ ಮುಖ್ಯ. ಹಗಲಿನ ಆಕಾಶ ಯಾಕೆ ನೀಲಿ ಅನ್ನುವ ಪ್ರಶ್ನೆಗೆ ಇರುವ ಉತ್ತರವೇ ಇಲ್ಲೂ ಇದೆ. ಗಾಳಿ ನೀಲಿ ಬೆಳಕನ್ನು ಹೆಚ್ಚು ಚೆದುರಿಸುತ್ತದೆ. ದೇಶದಲ್ಲಿ 2015ರಿಂದ ಕೋಟಿಗೂ ಮೇಲೆ ಬೀದಿ ದೀಪಗಳು ಎಲ್‌ಇಡಿ ಆದವು, ಕರೆಂಟು ಉಳಿಯಿತು. ಆದರೆ ಹಾಲಿನಂತೆ ಬಿಳಿ ಇದ್ದರೇ ದೀಪ ಅನ್ನುವ ಮೋಹ ಅಂಟಿಕೊಂಡಿತು. ತುಸು ಹಳದಿ ಕಡೆಯ, ಬೆಳಕಿನ ಬಣ್ಣದ ಅಳತೆಯಲ್ಲಿ 3000 ಕೆಲ್ವಿನ್‌ಗಿಂತ ಕೆಳಗಿನ ದೀಪ ಹಾಕಿದರೆ ರಸ್ತೆಗೇನೂ ನಷ್ಟವಿಲ್ಲ. ಸೇವಂತಿಗೆ ಹೊಲಕ್ಕೂ ಇದೇ ಮಾತು ಹೇಳಬಹುದು. ಇರುಳನ್ನು ಅಳೆಯುವ ಗಿಡದೊಳಗಿನ ವಸ್ತು ಹೆಚ್ಚು ಕಿವಿಗೊಡುವುದು ಕೆಂಪು ಬೆಳಕಿಗೆ. ಬಿಳಿ ಬಲ್ಬಿನ ನೀಲಿ ಪಾಲು ಅದಕ್ಕೆ ಅಷ್ಟಾಗಿ ಬೇಕಿಲ್ಲ, ಅದು ಸುಮ್ನೆ ಆಕಾಶಕ್ಕೆ ಹೋಗುತ್ತದೆ, ಬಿಲ್ಲು ರೈತನ ಹೆಸರಿಗೆ ಬರುತ್ತದೆ.

ಇದೆಲ್ಲ ಆಗುವ ಮಾತಾ ಅಂತ ಕೇಳುವವರಿಗೆ ಲಡಾಖಿನ ಹಾನ್ಲೆ ಇದೆ. 2022ರಲ್ಲಿ ಅಲ್ಲಿಯ ಸುತ್ತಮುತ್ತಲನ್ನು ಕತ್ತಲ ಆಕಾಶದ ಮೀಸಲು ಪ್ರದೇಶ ಅಂತ ಘೋಷಿಸಿದರು. ಊರಿನವರೇ ದೀಪಕ್ಕೆ ಮುಚ್ಚಳ, ಕಿಟಕಿಗೆ ಪರದೆ ಹಾಕಿಕೊಂಡರು. ಚುಕ್ಕಿ ನೋಡಲು ಬರುವ ಜನರಿಂದ ಅವರಿಗೆ ಸಂಪಾದನೆಯೂ ಇದೆ. ಅಲ್ಲಿರುವ ‘ಹಿಮಾಲಯನ್ ಚಂದ್ರ’ ಅನ್ನುವ ಹೆಸರಿನ, 2 ಮೀಟರ್ ಕನ್ನಡಿಯ ದೂರದರ್ಶಕವನ್ನು ನಡೆಸುವುದು ಎಲ್ಲಿಂದ ಗೊತ್ತಾ? ಕೋಲಾರಕ್ಕೆ ಹೋಗುವ ದಾರಿಯ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ನಮ್ಮ ವಿಜ್ಞಾನಿಗಳು ಹೊಸಕೋಟೆಯಲ್ಲಿ ಕೂತು ಲಡಾಖಿನ ಆಕಾಶ ನೋಡುತ್ತಾರೆ. ಹೊಸಕೋಟೆಯ ಆಕಾಶ ನೋಡಲು ಯಾರೂ ಇಲ್ಲ, ನೋಡಲು ಏನೂ ಉಳಿದಿಲ್ಲ.

ಹಾನ್ಲೆಯಷ್ಟು ದೊಡ್ಡ ಮಾತು ನಮಗೆ ಬೇಡ. ಪಾವಗಡ, ಮಧುಗಿರಿ, ಬಾಗೇಪಲ್ಲಿ, ಗುಡಿಬಂಡೆ, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಇನ್ನೂ ಕತ್ತಲಿದೆ. ಅಲ್ಲಿ ಹೊಸ ದೀಪದ ಟೆಂಡರ್ ಕರೆಯುವಾಗ ‘ಬೆಳಕು ಕೆಳಕ್ಕೆ, ಬಣ್ಣ ಹಳದಿಗೆ’ ಅಂತ ಎರಡು ಸಾಲು ಸೇರಿಸುವುದು ಪಂಚಾಯಿತಿಗೆ ದೊಡ್ಡ ಕೆಲಸವೇನಲ್ಲ. ಹಾಕಿದ ಮೇಲೆ ಕಿತ್ತು ಬದಲಾಯಿಸುವುದಕ್ಕಿಂತ ಅದು ಸುಲಭ. ಕೆರೆ ಕೊಳೆತರೆ ತಿಳಿಯಾಗಲು ವರ್ಷಗಳು ಬೇಕು, ಕೊಳವೆಬಾವಿಯ ಫ್ಲೋರೈಡ್ ತಲೆಮಾರು ಕಾಡುತ್ತದೆ. ಬೆಳಕಿನ ಕೊಳೆ ಸ್ವಿಚ್ ಒತ್ತಿದರೆ ಅದೇ ಕ್ಷಣ ಹೋಗುತ್ತದೆ.

ಅದು ಹೇಗಿರುತ್ತದೆ ಅಂತ ಜನವರಿಯಲ್ಲಿ ನೋಡಿದೆ. ‘ಸಂಕ್ರಾಂತಿ ಕಳೀಲಿ ಸಾರ್, ಲೈಟ್ ತೆಗೀತೀವಿ, ಆವಾಗ ಬನ್ನಿ’ ಅಂದಿದ್ದರು ಹೊಲದವರು. ಅಮಾವಾಸ್ಯೆಯ ದಿನ ಹೋದೆ. ಗಿಡ ಮೊಳಕಾಲುದ್ದ ಬೆಳೆದಿತ್ತು. ವೈರೆಲ್ಲ ಸುತ್ತಿ ಪಂಪ್‌ಹೌಸಿಗೆ ಹಾಕಿದ್ದರು. ಎಂಟು ಗಂಟೆಗೆ ಕೃತ್ತಿಕೆ ನೆತ್ತಿಯ ಹತ್ತಿರ ಇತ್ತು. ಅದರ ಹೆಸರು ಕೇಳಿದ್ದೀರಾ ಅಂದೆ. ಅವರ ಮನೆಮಾತು ತೆಲುಗು. ‘ಪಿಲ್ಲಲ ಕೋಡಿ ಅಲ್ವಾ ಸಾರ್ ಅದು. ಮರಿಗಳ ಕೋಳಿ. ನಮ್ಮ ಅವ್ವ ತೋರಿಸ್ತಿದ್ಲು’ ಅಂದರು. ಪುರಾಣದಲ್ಲಿ ಕೃತ್ತಿಕೆಯರು ಆರು ಜನ, ಷಣ್ಮುಖನಿಗೆ ಹಾಲು ಕೊಟ್ಟವರು. ಗ್ರೀಕರ ಕತೆಯಲ್ಲಿ ಅದೇ ಗೊಂಚಲಿನಲ್ಲಿ ಏಳು ಅಕ್ಕತಂಗಿಯರು. ಕನ್ನಡಕ ಒರೆಸಿಕೊಂಡು ಎಣಿಸಿದೆ, ಐದು ಸಿಕ್ಕಿತು. ಅವರು ಆರು ಅಂದರು. ಎಂಟನೇ ಕ್ಲಾಸಿನ ಅವರ ಮಗ ಬಾವಿಕಟ್ಟೆ ಹತ್ತಿ ಕೂತು, ಬೆರಳು ಮಡಚುತ್ತಾ, ಏಳರ ಹತ್ತಿರ ತಡವರಿಸಿ ಮತ್ತೆ ಒಂದರಿಂದ ಶುರುಮಾಡಿದ.